ಲಿವರ್ ಕ್ಯಾನ್ಸರ್: ಆಪರೇಷನ್‌ಗೆ ಮೊದಲು ‘ವೈ-90’ ಯಾಕೆ?

ಶಿರಸಿಯಿಂದ ಕೇಳಿದ್ದೀರಿ, ಅಪ್ಪನ ಲಿವರ್ ಗಡ್ಡೆ ನೇರ ತೆಗೆಯದೆ ಮೊದಲು ರೇಡಿಯೇಷನ್ ಯಾಕೆ ಅಂತ.

ಗಡ್ಡೆ ದೊಡ್ಡದಿದ್ದರೆ ಕೊಯ್ದ ಮೇಲೆ ಉಳಿಯುವ ಲಿವರ್ ಸಾಲದೇ ಹೋಗಬಹುದು. ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಇದ್ದವರಿಗೆ ಲಿವರ್‌ನ ಸುಮಾರು 40% ಆದರೂ ಉಳಿಯಬೇಕು. ಅದಕ್ಕೇ ಮೊದಲು ವೈ-90. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಪೂರ ನಳಿಗೆ ತೂರಿಸಿ, ಯಿಟ್ರಿಯಂ-90 (ಇದೇ ವೈ-90) ಎಂಬ ವಿಕಿರಣ ಸೂಸುವ ವಸ್ತು ಇರುವ, ಕೂದಲೆಳೆಗಿಂತ ಸಣ್ಣ ಮಣಿಗಳನ್ನು ಗಡ್ಡೆಯ ಬುಡಕ್ಕೇ ಬಿಡುತ್ತಾರೆ. ಗಡ್ಡೆಗೆ ರಕ್ತ ಬರುವುದು ಹೆಚ್ಚಾಗಿ ಅಪಧಮನಿಯಿಂದ, ಒಳ್ಳೆಯ ಲಿವರ್‌ಗೆ ಮುಖ್ಯವಾಗಿ ಕರುಳಿನ ಕಡೆಯಿಂದ ಬರುವ ಪೋರ್ಟಲ್ ಸಿರೆಯಿಂದ. ಹಾಗಾಗಿ ಪೆಟ್ಟು ಗಡ್ಡೆಗೇ ಜಾಸ್ತಿ. ವಿಕಿರಣ ಸಾಗುವುದೂ ಸರಾಸರಿ 2.5 ಮಿ.ಮೀ. ಅಷ್ಟೇ. ಮಣಿ ಬಿಟ್ಟ ಭಾಗ ಕುಗ್ಗುತ್ತಾ ಬಂದಂತೆ ಲಿವರ್‌ನ ಇನ್ನೊಂದು ಭಾಗ ಕೆಲವು ವಾರ-ತಿಂಗಳಲ್ಲಿ ಬೆಳೆಯುತ್ತದೆ. ಕಾಯುವುದು ಅದಕ್ಕೇ.

ಮಣಿಗಳು ಶ್ವಾಸಕೋಶಕ್ಕೆ ಸೋರುತ್ತವೆಯೇ ಎಂದು ಮುಂಚೆ ಬೇರೆ ಸ್ಕ್ಯಾನ್ ಇರುತ್ತದೆ. ಮಂಗಳೂರೋ ಬೆಂಗಳೂರೋ, ಓಡಾಟ ಒಂದೇ ಸಲಕ್ಕೆ ಮುಗಿಯದು. ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು) ತುಂಬ ಏರಿದ್ದರೆ ಇದು ಸಾಮಾನ್ಯವಾಗಿ ಆಗಿಬರುವುದಿಲ್ಲ. ಆ ರಿಪೋರ್ಟು ಕೈಯಲ್ಲೇ ಇಟ್ಟುಕೊಂಡು ಹೋಗಿ.