ದ್ರಾವಣದಲ್ಲಿ ಒಂದು ಬಣ್ಣ, ಪದರದಲ್ಲಿ ಇನ್ನೊಂದು: ಬೆಳಗುವ ಪಾಲಿಮರ್‌ಗಳ ಪ್ರಶ್ನೋತ್ತರ

ಪ್ರಶ್ನೆ: ಎಂಇಎಚ್-ಪಿಪಿವಿ ಎಂಬ ಬೆಳಗುವ ಪಾಲಿಮರನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿದಾಗ ಅದು ಬೆಳಕನ್ನು ಸುಮಾರು 500 ನ್ಯಾನೋಮೀಟರ್ ತರಂಗಾಂತರದಲ್ಲಿ ಹೀರಿ, 560ರ ಬಳಿ ಸೂಸುತ್ತದೆ. ಗಾಜಿನ ಮೇಲೆ ತೆಳುಪದರ ಮಾಡಿದರೆ 590ರ ಹತ್ತಿರ, ಅದೂ ಮಂಕಾಗಿ. ಮಾದರಿ ಕೆಟ್ಟಿದೆಯೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಅಷ್ಟರಿಂದಲೇ ಕೆಟ್ಟಿದೆ ಎನ್ನಲಾಗದು. ಪೈ ಎಲೆಕ್ಟ್ರಾನುಗಳು (ಜೋಡಿಬಂಧಗಳ ಸಡಿಲ ಎಲೆಕ್ಟ್ರಾನುಗಳು) ಪಾಲಿಮರ್ ಸರಪಳಿಯುದ್ದಕ್ಕೂ ಹರಡಿರುತ್ತವೆ ಎನ್ನುವುದು ಅರ್ಧ ಸತ್ಯ. ಸರಪಳಿ ಅಲ್ಲಲ್ಲಿ ತಿರುಚಿಕೊಂಡು, ಉದ್ದ-ಗಿಡ್ಡ ತುಂಡುಗಳಂತೆ ವರ್ತಿಸುತ್ತದೆ. ಗಿಡ್ಡ ತುಂಡಿಗೆ ಹೆಚ್ಚು ಶಕ್ತಿಯ ಬೆಳಕು ಬೇಕು, ಉದ್ದದ್ದಕ್ಕೆ ಕಡಿಮೆ ಸಾಕು. ಹೀರುವಾಗ ಎಲ್ಲ ತುಂಡುಗಳೂ ಹೀರುವುದರಿಂದ ಆ ರೇಖೆ ಅಗಲ, ಏರಿಳಿತಗಳಿಲ್ಲದ್ದು. ಬೆಳಕು ಹೀರಿದ ತುಂಡಿನ ಉದ್ರಿಕ್ತ ಸ್ಥಿತಿಯ ಆಯಸ್ಸು ಒಂದು ನ್ಯಾನೋಸೆಕೆಂಡಿನಷ್ಟೂ ಇಲ್ಲ. ಅಷ್ಟರೊಳಗೇ ಶಕ್ತಿ ಗಿಡ್ಡ ತುಂಡುಗಳಿಂದ ಉದ್ದದವಕ್ಕೆ ಜಿಗಿದುಬಿಡುತ್ತದೆ. ಬೆಳಗುವುದು ಆ ಕೆಲವೇ ತುಂಡುಗಳು. ಜೋಡಿಬಂಧದ ಕಂಪನಕ್ಕೆ ಸುಮಾರು 0.17 ಎಲೆಕ್ಟ್ರಾನ್‌ವೋಲ್ಟ್ ಹೋಗುವುದರಿಂದ 600ರ ಆಚೆ ಒಂದು ಭುಜವೂ (ಪಕ್ಕದ ಸಣ್ಣ ಉಬ್ಬು) ಕಾಣಬೇಕು.

ಪದರದಲ್ಲಿ ಸರಪಳಿಗಳು ಒಂದಕ್ಕೊಂದು ತಾಗಿರುತ್ತವೆ. ಜಿಗಿಯಲು ದಾರಿ ಹೆಚ್ಚು, ಹಾಗಾಗಿ ಬಣ್ಣ ಕೆಂಪಿನತ್ತ ಸರಿಯುತ್ತದೆ. ಸರಪಳಿಗಳ ನಡುವೆ ಹಂಚಿಹೋದ ಶಕ್ತಿಯಲ್ಲಿ ಬಹುಪಾಲು ಬೆಳಕಾಗದೆ ಕಳೆದುಹೋಗುತ್ತದೆ. ದ್ರಾವಕವೂ ಇಲ್ಲಿ ಕೈಯಾಡಿಸುತ್ತದೆ: ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯೂರಾನ್) ದ್ರಾವಕದಲ್ಲಿ ಸರಪಳಿ ಮುದುಡಿಕೊಳ್ಳುವುದರಿಂದ ಪದರ ಹೆಚ್ಚು ಬೆಳಗುತ್ತದೆ, ಕ್ಲೋರೋಬೆಂಜೀನ್‌ನಲ್ಲಿ ಬಿಚ್ಚಿಕೊಳ್ಳುವುದರಿಂದ ಕೆಂಪು ಜಾಸ್ತಿ.

ಆದರೆ ದ್ರಾವಣದ ಅಳತೆಯನ್ನೂ ಸುಮ್ಮನೆ ನಂಬಬೇಡಿ. 1 ಸೆಂಟಿಮೀಟರ್ ಅಗಲದ ಅಳತೆಪಾತ್ರೆ ಕ್ಯೂವೆಟ್‌ನಲ್ಲಿ ಹೀರುವಿಕೆ 0.1 ಮೀರಿದರೆ ಸೂಸಿದ ಬೆಳಕಿನ ನೀಲಿ ಅಂಚನ್ನು ದ್ರಾವಣವೇ ನುಂಗಿ, ರೇಖೆಯ ಗರಿಷ್ಠ ತುದಿ ಕೆಂಪಿಗೆ ಸರಿದಂತೆ ತೋರುತ್ತದೆ. ಸಾಂದ್ರತೆಯನ್ನು ಅರ್ಧಕ್ಕಿಳಿಸಿ ಮತ್ತೆ ಅಳೆಯಿರಿ. ತುದಿ ಹಿಂದೆ ಬಂದರೆ ತಪ್ಪು ಅಳತೆಯದ್ದು.

ನಿಜವಾಗಿ ಕೆಟ್ಟಿದ್ದರೆ ಗುರುತು ಬೇರೆ. ಬೆಳಕು, ಆಮ್ಲಜನಕ ಸೇರಿ ಸರಪಳಿಯ ವಿನೈಲೀನ್ ಜೋಡಿಬಂಧವನ್ನು ಮುರಿದು ಕಾರ್ಬೊನಿಲ್ ಗುಂಪು (ಇಂಗಾಲ-ಆಮ್ಲಜನಕ ಜೋಡಿಬಂಧ) ಮಾಡುತ್ತವೆ. ಅಲೆದಾಡುವ ಶಕ್ತಿ ಅಂಥದ್ದೊಂದಕ್ಕೆ ಸಿಕ್ಕರೆ ಆರಿಹೋಗುತ್ತದೆ. ಆದ್ದರಿಂದ ಮೊದಲು ಕುಸಿಯುವುದು ಸೂಸುವಿಕೆ. ಹೀರುವಿಕೆ ತಗ್ಗಿ ನೀಲಿಯತ್ತ ಸರಿಯುವುದು ಆಮೇಲೆ. ದ್ರಾವಣಕ್ಕೆ ಹದಿನೈದು ನಿಮಿಷ ನೈಟ್ರೋಜನ್ ಹಾಯಿಸಿ, ಕಂದು ಬಾಟಲಿಗೆ ಫಾಯಿಲ್ ಸುತ್ತಿ, ಕತ್ತಲಲ್ಲಿಡಿ.

ಪ್ರಶ್ನೆ: ಮಳೆಗಾಲದಲ್ಲಿ ಸ್ಪಿನ್ ಕೋಟಿಂಗ್ (ಗಾಜನ್ನು ವೇಗವಾಗಿ ತಿರುಗಿಸಿ ದ್ರಾವಣ ಹರಡುವುದು) ಮಾಡಿದ ಪದರ ಬೆಳ್ಳಗೆ ಮಬ್ಬಾಗುತ್ತದೆ. ಏಕೆ?
– ಉಪನ್ಯಾಸಕರು, ಚಿಕ್ಕಮಗಳೂರು

ಉತ್ತರ: ಕ್ಲೋರೋಫಾರ್ಮ್ ಕುದಿಯುವುದು 61 ಡಿಗ್ರಿಗೆ. ಅದು ಭರಭರನೆ ಆವಿಯಾದಾಗ ಮೇಲ್ಮೈ ತಣ್ಣಗಾಗಿ, ಜುಲೈನ ಒದ್ದೆ ಗಾಳಿಯ ನೀರು ಹನಿಗಟ್ಟುತ್ತದೆ. ಹನಿ ಆರಿದ ಜಾಗದಲ್ಲಿ ಸಣ್ಣ ತೂತುಗಳು ಉಳಿದು ಬೆಳಕನ್ನು ಚದುರಿಸುತ್ತವೆ. 132 ಡಿಗ್ರಿಗೆ ಕುದಿಯುವ ಕ್ಲೋರೋಬೆಂಜೀನ್ ಬಳಸಿ. ಮಿಲಿಲೀಟರಿಗೆ 5 ಮಿಲಿಗ್ರಾಂ ಪಾಲಿಮರ್ ಹಾಕಿ, 50 ಡಿಗ್ರಿಯಲ್ಲಿ ರಾತ್ರಿಯಿಡೀ ಕಲಕಿ, 0.45 ಮೈಕ್ರಾನ್ ಪಿಟಿಎಫ್‌ಇ (ಟೆಫ್ಲಾನ್) ಫಿಲ್ಟರ್‌ನಲ್ಲಿ ಸೋಸಿ. ಕರಗದ ಜೆಲ್ ಫಿಲ್ಟರ್‌ನಲ್ಲೇ ಉಳಿದರೆ ಸಾಂದ್ರತೆ ಇಳಿಯುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಗಾಜನ್ನು 110 ಡಿಗ್ರಿಯ ಹಾಟ್‌ಪ್ಲೇಟ್ ಮೇಲೆ ಹತ್ತು ನಿಮಿಷ ಒಣಗಿಸಿ, ತಣಿದ ಕೂಡಲೇ ದ್ರಾವಣ ಹಾಕಿ 1500 ಆರ್‌ಪಿಎಂನಲ್ಲಿ ಒಂದು ನಿಮಿಷ ತಿರುಗಿಸಿ.

ಪ್ರಶ್ನೆ: ಒಎಲ್‌ಇಡಿ ಟಿವಿಯಲ್ಲಿರುವುದೂ ಇದೇ ವಸ್ತುವೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಅಲ್ಲ. ಎಂಇಎಚ್-ಪಿಪಿವಿಯ ಮೂಲರೂಪವಾದ ಪಿಪಿವಿ ವಿದ್ಯುತ್ತಿನಿಂದ ಬೆಳಗುತ್ತದೆಂದು ಕೇಂಬ್ರಿಡ್ಜ್‌ನ ತಂಡ 1990ರಲ್ಲಿ ಪ್ರಕಟಿಸಿತು, ನಿಜ. ಆದರೆ ಮಾರುಕಟ್ಟೆಯ ಪರದೆಗಳಲ್ಲಿ ಹೆಚ್ಚಾಗಿ ಇರುವುದು ನಿರ್ವಾತದಲ್ಲಿ ಆವಿ ಮಾಡಿ ಲೇಪಿಸಿದ ಚಿಕ್ಕ ಅಣುಗಳು.