ಮತಾಂತರದ ಆತ್ಮಕಥೆಗಳನ್ನು ಎಷ್ಟು ನಂಬಬಹುದು?

ನಮಸ್ಕಾರ. ಬ್ರಿಟಿಷರ ಕಾಲದಲ್ಲಿ ಇಸ್ಲಾಂ ಬಿಟ್ಟು ಕ್ರೈಸ್ತರಾದವರ ಆತ್ಮಕಥೆಗಳೆಲ್ಲ ಮಿಷನರಿಗಳು ಬರೆಸಿದ್ದೇ ಅಲ್ವಾ ಅಂತ ಕೇಳಿದ್ದೀರಿ. ಪೂರ್ತಿ ಹಾಗಲ್ಲ. ಪಾಣಿಪತ್‌ನ ಮೌಲ್ವಿ ಇಮಾದುದ್ದೀನರ ಕಥೆ ನೋಡಿ.

1854ರ ಏಪ್ರಿಲ್‌ನಲ್ಲಿ ಆಗ್ರಾದಲ್ಲಿ ಜರ್ಮನ್ ಮಿಷನರಿ ಫಾಂಡರ್‌ಗೂ ಮೌಲಾನಾ ರಹಮತುಲ್ಲಾ ಕೈರಾನವಿಗೂ ಎರಡು ದಿನ ವಾದ ನಡೆಯಿತು. ಬೈಬಲ್‌ನ ಮೂಲ ಬರಹವನ್ನು ಆಮೇಲಿನವರು ತಿದ್ದಿದ್ದಾರಾ ಅನ್ನೋದೇ ಮುಖ್ಯ ಜಗಳ. ಯುರೋಪಿನ ವಿದ್ವಾಂಸರ ಪುಸ್ತಕಗಳನ್ನೇ ಮುಂದಿಟ್ಟರು ಮುಸ್ಲಿಮರು. ಫಾಂಡರ್ ಕೆಲವು ಕಡೆ ಒಪ್ಪಿಕೊಳ್ಳಲೇಬೇಕಾಯಿತು. ಆಳುವವರ ಧರ್ಮ ಅಂತ ಯಾರೂ ಹೆದರಿ ಸುಮ್ನೆ ಕೂರಲಿಲ್ಲ. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಇದೇ ಇಮಾದುದ್ದೀನರು ಆಗ್ರಾದ ದೊಡ್ಡ ಮಸೀದಿಯಲ್ಲಿ ಫಾಂಡರ್ ವಿರುದ್ಧ ಪ್ರವಚನ ಮಾಡಿದವರು!

ಆಮೇಲೆ ಅವರು ಕಾವಿ ಬಣ್ಣದ ಬಟ್ಟೆ ತೊಟ್ಟು ಫಕೀರರಾಗಿ ಅಲೆದರು. ಒಂದು ಹೊಳೆ ದಡದಲ್ಲಿ ಕೂತು ದೇವರ ಹೆಸರನ್ನು 1,25,000 ಸಲ ಕಾಗದದ ಮೇಲೆ ಬರೆದರಂತೆ. ಒಂದೊಂದನ್ನೂ ಕತ್ತರಿಯಲ್ಲಿ ಕತ್ತರಿಸಿ, ಹಿಟ್ಟಿನ ಉಂಡೆಯೊಳಗಿಟ್ಟು ಮೀನುಗಳಿಗೆ ಹಾಕಿದರಂತೆ. ಇಂಥ ವಿವರವನ್ನು ಪಾದ್ರಿ ಹೇಳಿಕೊಟ್ಟು ಬರೆಸೋದು ಕಷ್ಟ. ಇದು ಸ್ವತಃ ಪಟ್ಟ ಪಾಡು ಅಂತಲೇ ನಾನು ಓದುತ್ತೇನೆ.

1866ರಲ್ಲಿ ಅಮೃತಸರದಲ್ಲಿ ದೀಕ್ಷಾಸ್ನಾನ ಆಯಿತು. ಆತ್ಮಕಥೆ ಬರೆದದ್ದು ಉರ್ದುವಿನಲ್ಲಿ. ಇಂಗ್ಲಿಷಿಗೆ ತಂದದ್ದು ಮಾತ್ರ ಮಿಷನರಿ ರಾಬರ್ಟ್ ಕ್ಲಾರ್ಕ್. ಹಾಗಾಗಿ ನಿಮ್ಮ ಅನುಮಾನಕ್ಕೂ ಜಾಗ ಇದೆ. ಕೊನೆಗೆ ಶಾಂತಿ ಸಿಕ್ಕಿತು ಅನ್ನೋ ಭಾಗ ಓದುವಾಗ ಜಾಸ್ತಿ ಎಚ್ಚರ ಇರಲಿ. ಹುಡುಕಾಟದ ಭಾಗವನ್ನು ಮನಸ್ಸಿಟ್ಟು ಓದಿ.