ಓದುಗರ ಪ್ರಶ್ನೆ, ನಮ್ಮ ಉತ್ತರ: ಹ್ಯಾರಿ ಪಾಟರ್ ಮತ್ತೊಮ್ಮೆ ಯಾಕ?

ಈ ಸಲ ಬಂದ ಪತ್ರದಾಗ ಬಾಳಷ್ಟು ಒಂದೇ ವಿಷಯದ್ದು. ಜೆ.ಕೆ. ರೌಲಿಂಗ್ ಬರೆದ ಏಳು ಹ್ಯಾರಿ ಪಾಟರ್ ಪುಸ್ತಕಗಳನ್ನ (ಮಂತ್ರವಿದ್ಯೆ ಕಲಿಸೋ ಶಾಲೆಗೆ ಹೋಗೋ ಹುಡುಗನ ಕತಿ) ಅಮೆರಿಕದ ಟಿವಿ ಕಂಪನಿ ಎಚ್‌ಬಿಒದವ್ರು ಟಿವಿ ಸೀರೀಸ್ ಮಾಡ್ತಾ ಇದಾರಲ್ಲ, ಅದು. 2023ರ ಏಪ್ರಿಲ್‌ದಾಗ ಘೋಷಣೆ ಆಯ್ತು, 2025ರ ಜುಲೈದಾಗ ಇಂಗ್ಲೆಂಡಿನ ಲೀವ್ಸ್‌ಡೆನ್ ಸ್ಟುಡಿಯೋದಾಗ ಶೂಟಿಂಗ್ ಶುರು ಆಯ್ತು, ಹಳೇ ಸಿನಿಮಾ ಆಗಿದ್ದೂ ಅಲ್ಲೇ. ಒಂದು ಪುಸ್ತಕಕ್ಕ ಒಂದು ಸೀಸನ್ ಅನ್ನೋದು ಅವರ ಲೆಕ್ಕ. ಹಂಗಾಗಿ ಈ ತಿಂಗಳು ಬ್ಯಾರೆ ಪ್ರಶ್ನೆ ಪಕ್ಕಕ್ಕಿಟ್ಟು ಇದನ್ನೇ ತಗೊಂಡೀನಿ.

ಪ್ರಶ್ನೆ: ಎಂಟು ಸಿನಿಮಾ ಬಂದಾವ, ಟಿವಿಯೊಳಗ ಇವತ್ತಿಗೂ ಬರ್ತಾವ, ಕತಿ ಎಲ್ಲಾರಿಗೂ ಗೊತ್ತದ. ಮತ್ತ ಅದೇ ಯಾಕ ಮಾಡ್ತಾರ್ರಿ? ಬರೀ ರೊಕ್ಕಕ್ಕ ಅಲ್ಲೇನು?
(ಒಬ್ಬ ಓದುಗರು, ರಾಯಚೂರು)

ಉತ್ತರ: ರೊಕ್ಕಕ್ಕೂ ಹೌದ್ರಿ, ಅದರಾಗ ಮುಚ್ಚಿಡೋದೇನಿಲ್ಲ, ಹೆಸರು ಗೊತ್ತಿರೋ ಕತಿ ಅಂದ್ರ ಜನ ಬಂದೇ ಬರ್ತಾರ ಅನ್ನೋ ಧೈರ್ಯ ಕಂಪನಿಗೆ ಇರ್ತೈತಿ. ಆದ್ರ ಅಷ್ಟಕ್ಕೇ ಮಾತು ಮುಗಿಸಿದ್ರ ಪುಸ್ತಕಕ್ಕ ಅನ್ಯಾಯ ಆಗ್ತೈತಿ ಅಂತ ನನಗ ಅನಸ್ತೈತಿ. ಐದನೇ ಪುಸ್ತಕ ತಗೋರಿ, ಆರ್ಡರ್ ಆಫ್ ದಿ ಫೀನಿಕ್ಸ್. 38 ಅಧ್ಯಾಯ, ಬ್ರಿಟನ್ ಮುದ್ರಣದಾಗ 766 ಪುಟ, ಏಳರಾಗ ಎಲ್ಲಕ್ಕಿಂತ ದಪ್ಪಂದು. ಅದರ ಸಿನಿಮಾ ಬರೀ 138 ನಿಮಿಷ, ಎಂಟು ಸಿನಿಮಾದಾಗ ಅದಕ್ಕಿಂತ ಸಣ್ಣದು ಇರೋದು ಕೊನೇದೊಂದೇ. ಅದರ ಮೂರನೇ ಒಂದು ಪಾಲಿನಷ್ಟಿರೋ ಎರಡನೇ ಪುಸ್ತಕಕ್ಕ ಮಾತ್ರ 161 ನಿಮಿಷದ ಸಿನಿಮಾ. ಪುಸ್ತಕ ಬೆಳೀತಾ ಹೋತು, ಸಿನಿಮಾ ಕುಗ್ಗತಾ ಬಂತು.

ಹಂಗ ಕುಗ್ಗಿದಾಗ ಏನೇನು ಬಿದ್ದು ಹೋತು ಅಂತ ಒಂದು ಹೇಳ್ತೀನಿ ನೋಡ್ರಿ. ಐದನೇ ಪುಸ್ತಕದಾಗ ಕ್ರಿಸ್‌ಮಸ್ ಟೈಮಿಗೆ ಹ್ಯಾರಿ, ಅವನ ಗೆಳೆಯರಾದ ರಾನ್, ಹರ್ಮಾಯಿನಿ ಆಸ್ಪತ್ರೆಗೆ ಹೋಗಿರ್ತಾರ, ಅಲ್ಲಿ ಬಾಗಿಲು ಹಾಕಿದ ವಾರ್ಡಿನಾಗ ಅವರ ಕ್ಲಾಸಿನ ನೆವಿಲ್ ತನ್ನ ಅಜ್ಜಿ ಜೋಡಿ ನಿಂತಿರ್ತಾನ. ಅವನ ಅಪ್ಪ ಅಮ್ಮ ಶತ್ರುಗಳ ಚಿತ್ರಹಿಂಸೆಗೆ ಬುದ್ಧಿ ಕಳಕೊಂಡು ಅಲ್ಲೇ ಅದಾರ, ಮಗ ಅಂತನೂ ಗುರ್ತು ಹಿಡಿಯಂಗಿಲ್ಲ. ಅವ್ವ ಮೆಲ್ಲಕ ನಡ್ಕೊಂಡು ಬಂದು ಅವನ ಕೈಯಾಗ ಒಂದು ಬಬಲ್ ಗಮ್ಮಿನ ಖಾಲಿ ಕಾಗದ ಇಡ್ತಾಳ. ಅಜ್ಜಿ, ಇಂಥವು ಬೇಕಾದಷ್ಟು ಕೊಟ್ಟಾಳ, ಕಸಕ್ಕ ಹಾಕು ಅಂತಾಳ. ಹುಡುಗ ಯಾರಿಗೂ ಕಾಣದಂಗ ಅದನ್ನ ಕಿಸೆಯೊಳಗ ಇಟ್ಕೋತಾನ. ಸಿನಿಮಾದಾಗ ಈ ಆಸ್ಪತ್ರೆ ಇಲ್ಲವೇ ಇಲ್ಲ, ನೆವಿಲ್ ಹ್ಯಾರಿಗೆ ಒಂದು ಹಳೇ ಫೋಟೋ ಮುಂದ ನಿಂತು ಎರಡು ಮಾತಿನಾಗ ಹೇಳಿ ಮುಗಿಸ್ತಾನ. ಕೊನೇ ಪುಸ್ತಕದಾಗ ಅದೇ ನೆವಿಲ್ ಕತ್ತಿ ಹಿಡಿತಾನಲ್ಲ, ಆ ಕಾಗದ ನೋಡಿದವರಿಗೆ ಆ ಕತ್ತಿ ಬ್ಯಾರೇನೇ ಕಾಣ್ತೈತಿ.

ಮೂರನೇ ಸಿನಿಮಾದಾಗ ಶಾಲೆಯ ಮ್ಯಾಪ್ ಬರ್ತೈತಿ, ಆದ್ರ ಅದನ್ನ ಮಾಡಿದ ನಾಕು ಮಂದಿ ಯಾರು ಅಂತ ಹೇಳೋದೇ ಇಲ್ಲ. ಆ ನಾಕರಾಗ ಒಬ್ಬಾತ ಹ್ಯಾರಿಯ ಅಪ್ಪ, ಆತ ಜಿಂಕೆ ರೂಪ ತಾಳ್ತಿದ್ದ, ಹಂಗಾಗೇ ಹ್ಯಾರಿಯ ಮಂತ್ರದಿಂದ ಜಿಂಕೆ ಬರ್ತೈತಿ ಅನ್ನೋದು ಪುಸ್ತಕ ಓದದವರಿಗೆ ಹೆಂಗ ತಿಳೀಬೇಕು? ಪೀವ್ಸ್ ಅನ್ನೋ ತುಂಟ ಭೂತದ ಪಾತ್ರಕ್ಕ ರಿಕ್ ಮೇಯಲ್ ಅನ್ನೋ ನಟ ಶೂಟಿಂಗ್‌ನೂ ಮಾಡಿದ್ರು, ಅದೂ ಕಟ್ ಆತು. ಆರನೇದರಾಗ ಕತಿಯ ಖಳನಾಯಕ ವೊಲ್ಡೆಮೋರ್ಟ್‌ನ ತಾಯಿ ಮನೆತನದ ಕತಿ ಪೂರ್ತಿ ಹೋತು. ಇವೆಲ್ಲ ವಾಪಸ್ ಬಂದ್ರ ಹೊಸ ಸೀರೀಸಿಗೆ ಅರ್ಥ ಐತಿ. ಸಿನಿಮಾದಾಗ ಇದ್ದ ಅದೇ ಸೀನುಗಳನ್ನ ಹೊಸ ಮುಖ ಹಾಕಿ ಉದ್ದ ಎಳೆದ್ರ ಅರ್ಥ ಇಲ್ಲ.

ಇನ್ನ ಗೊತ್ತಿರೋ ಕತಿ ಮತ್ತ ಯಾಕ ಅಂದ್ರಲ್ಲ, ನಮ್ಮ ಬಳ್ಳಾರಿ ರಾಯಚೂರು ಸೀಮೆದಾಗ ಈ ಪ್ರಶ್ನೆ ಕೇಳಬಾರದ್ರಿ. ಜಾತ್ರಿಗೆ ಬಯಲಾಟ ಹಚ್ಚತಾರ, ದುಶ್ಯಾಸನ ಸಾಯ್ತಾನ ಅಂತ ಸಣ್ಣ ಹುಡುಗರಿಗೂ ಗೊತ್ತು, ಆದ್ರೂ ಬೆಳಗಿನ ಜಾವದ ತನಕ ಕೂತು ನೋಡ್ತಾರ, ಈ ಸಲ ಪಾತ್ರಧಾರಿ ಆ ಮಾತು ಹೆಂಗ ಒಗೀತಾನ ನೋಡೋಣ ಅಂತ. ಬಿ.ಆರ್. ಚೋಪ್ರಾ ಮಹಾಭಾರತ 94 ಕಂತು, 2013ರಾಗ ಶುರು ಆಗಿದ್ದು 267 ಕಂತು, ಎರಡೂ ಜನ ನೋಡ್ಯಾರ.

ಪ್ರಶ್ನೆ: ಏಳು ಸೀಸನ್ ಮುಗಿಯೋದ್ರೊಳಗ ಹುಡುಗ್ರು ಮೀಸಿ ಬಂದವರಾಗಿ ಬಿಡ್ತಾರ. ಇದು ನಡೀತೈತೇನು?
(ಒಬ್ಬ ಮೇಷ್ಟ್ರು, ಕುಷ್ಟಗಿ)

ಉತ್ತರ: ನನಗಿರೋ ದೊಡ್ಡ ಭಯ ಇದೇರಿ, ಗ್ರಾಫಿಕ್ಸ್ ಬಗ್ಗೆ ಅಲ್ಲ. 30,000ಕ್ಕೂ ಜಾಸ್ತಿ ಮಕ್ಕಳು ಆಡಿಷನ್ ಕೊಟ್ಟ ಮ್ಯಾಲೆ ಡಾಮಿನಿಕ್ ಮ್ಯಾಕ್‌ಲಾಫ್ಲಿನ್, ಅರಬೆಲ್ಲಾ ಸ್ಟ್ಯಾಂಟನ್, ಅಲಾಸ್ಟೇರ್ ಸ್ಟೌಟ್ ಅಂತ ಮೂವರನ್ನ ಹ್ಯಾರಿ, ಹರ್ಮಾಯಿನಿ, ರಾನ್ ಪಾತ್ರಕ್ಕ ಆರಿಸ್ಯಾರ. ಪುಸ್ತಕದಾಗ ಹ್ಯಾರಿ 11ಕ್ಕ ಶಾಲೆಗೆ ಬರ್ತಾನ, 17ಕ್ಕ ಕತಿ ಮುಗೀತೈತಿ. ಸಿನಿಮಾದವ್ರು 2001ರಿಂದ 2011ರೊಳಗ ಎಂಟೂ ಮುಗಿಸಿದ್ರು, ನಡುವ ಶಾಲೆಯ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಪಾತ್ರದ ರಿಚರ್ಡ್ ಹ್ಯಾರಿಸ್ 2002ರಾಗ ತೀರಿಕೊಂಡ್ರು, ಮೈಕೆಲ್ ಗ್ಯಾಂಬನ್ ಬಂದ್ರು, ನಿರ್ದೇಶಕರು ನಾಕು ಮಂದಿ ಬದಲಾದ್ರು, ಆದ್ರೂ ಗಾಡಿ ನಿಲ್ಲಲಿಲ್ಲ. ಈಗಿನ ಸೀರೀಸ್ ಹಂಗಿಲ್ಲ. ಪರ್ಸಿ ಜಾಕ್ಸನ್ ನೋಡ್ರಿ, ಅದೂ ಇಂಥದ್ದೇ, 2010 ಮತ್ತ 2013ರಾಗ ಎರಡು ಸಿನಿಮಾ ಆಗಿ ನಿಂತಿತ್ತು, 2023ರ ಡಿಸೆಂಬರ್‌ದಾಗ ಡಿಸ್ನಿದವ್ರು ಸೀರೀಸ್ ಮಾಡಿದ್ರು, ಎರಡನೇ ಸೀಸನ್ ಬರೋಕ 2025ರ ಡಿಸೆಂಬರ್ ಆತು. ಎರಡು ವರ್ಷಕ್ಕೊಂದು ಅಂದ್ರ ಏಳು ಸೀಸನ್ನಿಗೆ ಎಷ್ಟಾತು ನೀವೇ ಹೇಳ್ರಿ.

ನಡುವೇ ನಿಂತವೂ ಅದಾವ. ವೀಲ್ ಆಫ್ ಟೈಮ್ 14 ಪುಸ್ತಕದ ಕತಿ, ಅಮೆಜಾನ್‌ದವ್ರು ಮೂರು ಸೀಸನ್ನಿಗೆ 2025ರಾಗ ಬಂದ್ ಮಾಡಿದ್ರು, ನಂಬಿ ಕೂತ ಓದುಗರ ಗತಿ ಏನು? ನಾರ್ನಿಯಾ ಏಳು ಪುಸ್ತಕ, ಸಿನಿಮಾ ಮೂರಕ್ಕೇ ನಿಂತ್ವು. ಚಂದಾಗಿ ಮುಗಿಸಿದ್ದು ಅಂದ್ರ ಎ ಸೀರೀಸ್ ಆಫ್ ಅನ್‌ಫಾರ್ಚುನೇಟ್ ಈವೆಂಟ್ಸ್. 2004ರ ಸಿನಿಮಾ ಮೊದಲ ಮೂರು ಪುಸ್ತಕ ಒತ್ತಿ ಒಂದೇ ಮಾಡಿತ್ತು, ನೆಟ್‌ಫ್ಲಿಕ್ಸ್‌ದವ್ರು 2017ರಿಂದ 2019ರೊಳಗ 13 ಪುಸ್ತಕನೂ ಮೂರೇ ಸೀಸನ್ನಿನಾಗ ಮುಗಿಸಿಬಿಟ್ರು. ಪಾಟರ್‌ದವ್ರು ಅದನ್ನ ನೋಡಿ ಕಲೀಬೇಕು, ಒಂದು ಸೀಸನ್ ಎಡಿಟಿಂಗ್ ನಡೆದಾಗಲೇ ಇನ್ನೊಂದರ ಶೂಟಿಂಗ್ ಹಚ್ಚಬೇಕು.

ಪ್ರಶ್ನೆ: ಹ್ಯಾರಿಯ ಮೇಷ್ಟ್ರು ಸ್ನೇಪ್ ಪಾತ್ರಕ್ಕ ಪಾಪಾ ಎಸ್ಸಿಡು ಅನ್ನೋ ಕಪ್ಪು ನಟನ್ನ ಹಾಕ್ಯಾರ ಅಂತ ನಮ್ಮ ಹಾಸ್ಟೆಲ್ ವಾಟ್ಸಾಪ್ ಗ್ರೂಪಿನಾಗ ಜಗಳವೋ ಜಗಳ. ನೀವೇನಂತೀರಿ?
(ಡಿಗ್ರಿ ವಿದ್ಯಾರ್ಥಿನಿ, ಗಂಗಾವತಿ)

ಉತ್ತರ: ಮೊದಲು ಒಂದು ಮಾತು, ನಟನಿಗೆ ಬೈಯೋದು, ಅವನ ಬಣ್ಣದ ಮ್ಯಾಲೆ ಜೋಕ್ ಮಾಡೋದು ತಪ್ಪು, ಅದಕ್ಕ ನಾ ಯಾವ ವಾದನೂ ಒಪ್ಪಂಗಿಲ್ಲ. ಆಮ್ಯಾಲೆ ಪುಸ್ತಕದ ಮಾತಿಗೆ ಬರೋಣ. ಪುಸ್ತಕದಾಗ ಸ್ನೇಪ್ ಅಂದ್ರ ಬಿಳಚಿದ ಚರ್ಮ, ಎಣ್ಣಿ ಕೂದಲು, ಗಿಣಿ ಮೂಗು, ಅದು ಖರೇನೇ. ಆದ್ರ ಇನ್ನೊಂದೂ ಖರೆ, ಮೊದಲನೇ ಪುಸ್ತಕದಾಗ ಆತನಿಗೆ 31 ವರ್ಷ ಅಷ್ಟ. ಅಲನ್ ರಿಕ್‌ಮನ್ ಆ ಪಾತ್ರ ಮಾಡಿದಾಗ 50 ದಾಟಿದ್ರು, ನಾವ್ಯಾರೂ ತಕರಾರು ತೆಗೀಲಿಲ್ಲ, ಯಾಕಂದ್ರ ಅವರು ಪಾತ್ರಾನ ಪೂರಾ ತಮ್ಮದು ಮಾಡ್ಕೊಂಡಿದ್ರು. ಎಸ್ಸಿಡು 1990ರಾಗ ಹುಟ್ಟಿದವ್ರು, ವಯಸ್ಸಿನ ಲೆಕ್ಕದಾಗ ಪುಸ್ತಕಕ್ಕ ಇವರೇ ಹತ್ರ. ಸ್ನೇಪ್ ಒಬ್ಬ ಎಳೇ ಮೇಷ್ಟ್ರು, ಶಾಲೆಯಾಗ ತಿಂದ ನೋವು ಇನ್ನೂ ಹಸಿ ಐತಿ, ಅದಕ್ಕೇ ಹ್ಯಾರಿ ಮುಖ ನೋಡಿದ್ರ ಸಿಟ್ಟು ಬರ್ತೈತಿ ಅನ್ನೋದು ಎದುರಿಗೆ ಕಂಡ್ರ ಕತಿ ಇನ್ನೂ ಗಟ್ಟಿ ಆಗ್ತೈತಿ.

ನನಗ ಒಂದು ಕಡೆ ಮಾತ್ರ ಅಳುಕು ಐತಿ. ಹ್ಯಾರಿಯ ಅಪ್ಪ ಮತ್ತ ಅವನ ಗೆಳೆಯರು ಸ್ನೇಪ್‌ನ್ನ ಎಲ್ಲಾರ ಮುಂದ ತಲೆಕೆಳಗ ಮಾಡಿ ಅವಮಾನ ಮಾಡೋ ಸೀನ್ ಐತಲ್ಲ, ಅಲ್ಲಿ ಬಣ್ಣ ಬಂದು ಕೂತ್ರ ಅದರ ತೂಕನೇ ಬದಲಾಗ್ತೈತಿ. ಬರೆಯೋರು ಅದನ್ನ ಕಣ್ಣು ಮುಚ್ಚಿ ದಾಟಬಾರದು, ಎದುರಿಸಬೇಕು.

ಪ್ರಶ್ನೆ: ಮಗಳಿಗೆ ಹತ್ತು ವರ್ಷ. ಪಾಟರ್ ಪಾಟರ್ ಅಂತ ತಲಿ ತಿಂತಾಳ. ಪುಸ್ತಕ ಮೊದಲು ಕೊಡ್ಲೋ, ಸೀರೀಸ್ ಬರೋ ತನಕ ಕಾಯ್ಲೋ?
(ಒಬ್ಬ ತಾಯಿ, ಕೊಪ್ಪಳ)

ಉತ್ತರ: ಪುಸ್ತಕ ಕೊಡ್ರಿ ಅಕ್ಕಾ, ಇವತ್ತೇ ಕೊಡ್ರಿ. ಒಮ್ಮೆ ಪರದೆ ಮ್ಯಾಲೆ ಮುಖ ನೋಡಿದ್ರ ತಲಿಯಾಗ ಆ ಮುಖನೇ ಕೂತು ಬಿಡ್ತೈತಿ, ಆಕಿ ಹ್ಯಾರಿಯ ಶಾಲೆ ಹಾಗ್ವಾರ್ಟ್ಸ್‌ನ್ನ ತನ್ನ ಮನಸ್ಸಿನಾಗ ತಾನೇ ಕಟ್ಕೊಳ್ಳಿ ಮೊದಲು. ಮೊದಲ ಮೂರು ಪುಸ್ತಕ ಹತ್ತು ವರ್ಷಕ್ಕ ಸರಿ ಹೋಗ್ತಾವ. ನಾಕನೇದರ ಕೊನೆಗೆ ಒಬ್ಬ ವಿದ್ಯಾರ್ಥಿ ಸಾಯ್ತಾನ, ಸ್ಮಶಾನದ ಆ ಅಧ್ಯಾಯ ದೊಡ್ಡವರಿಗೇ ಭಯ ಆಗ್ತೈತಿ, ಅಲ್ಲಿ ಒಂದೆರಡು ವರ್ಷ ತಡೀರಿ ಇಲ್ಲಾಂದ್ರ ಜೋಡಿ ಕೂತು ಓದ್ರಿ. ಇಂಗ್ಲಿಷ್ ಕಷ್ಟ ಆಗ್ತೈತಿ ಅಂತ ಎಷ್ಟೋ ಮಕ್ಕಳು ಶಾಲೆಯ ಕಾವಲುಗಾರ ಹ್ಯಾಗ್ರಿಡ್ ಬಂದ ಕೂಡ್ಲೇ ಪುಸ್ತಕ ಮುಚ್ಚತಾರ, ಯಾಕಂದ್ರ ಆತನ ಮಾತು ಹಳ್ಳಿ ಇಂಗ್ಲಿಷು, ಅಕ್ಷರ ನುಂಗಿ ಬರೆದಿರ್ತಾರ. ಅದನ್ನ ಜೋರಾಗಿ ಬಾಯಿ ಬಿಟ್ಟು ಓದ್ರಿ, ಕಿವಿಗೆ ಬಿದ್ರ ತಿಳೀತೈತಿ, ಮತ್ತ ನೀವು ನಮ್ಮ ಕೊಪ್ಪಳದ ಮಾತಿನಾಗ ಅದನ್ನ ಹೇಳಿ ತೋರಿಸ್ರಿ, ಮಗಳು ನಕ್ಕೋತ ಮುಂದಿನ ಪುಟಕ್ಕ ಹೋಗ್ತಾಳ. ಜಿಮ್ ಕೇ ಚಿತ್ರ ಬರೆದ ದೊಡ್ಡ ಸೈಜಿನ ಪುಸ್ತಕನೂ ಸಿಗ್ತೈತಿ, ಆದ್ರ ರೇಟು ಜಾಸ್ತಿ, ಸಾದಾ ಪುಸ್ತಕ ಸಾಕು.

ಪ್ರಶ್ನೆ: ಲೇಖಕಿ ರೌಲಿಂಗ್ ಟ್ರಾನ್ಸ್‌ಜೆಂಡರ್ ಮಂದಿ ಬಗ್ಗೆ ಆಡಿದ ಮಾತು ಓದಿ ಬೇಜಾರಾಗೈತಿ. ಇಂಥವರ ಕತಿ ನೋಡಬೇಕೇನು?
(ಒಬ್ಬ ಓದುಗರು, ಬಳ್ಳಾರಿ)

ಉತ್ತರ: ಬೇಜಾರಾಗಬೇಕು, ಆಗಿದ್ದು ಸರಿ ಐತಿ. ನಾವು ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿಯವರ ಸೀಮೆಯವ್ರು. ಅವರಿಗೆ 2021ರಾಗ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ತಲಿ ಎತ್ತಿ ನಡೀತು, ಅದಕ್ಕೂ ಮೊದಲೇ ಅವರು ಜನಪದ ಅಕಾಡೆಮಿ ಅಧ್ಯಕ್ಷರಾಗಿದ್ರು, ಹುಲಿಗೆಮ್ಮನ ಗುಡಿಯಾಗ ಜೋಗತಿಯರ ಹಾಡು ಕೇಳಿ ಬೆಳೆದವ್ರಿಗೆ ಅಂಥ ಮಾತು ಚುಚ್ಚದೆ ಇರ್ತೈತೇನು? ಸಿನಿಮಾದ ಡೇನಿಯಲ್ ರಾಡ್‌ಕ್ಲಿಫ್, ಎಮ್ಮಾ ವಾಟ್ಸನ್, ರೂಪರ್ಟ್ ಗ್ರಿಂಟ್ ಮೂವರೂ 2020ರಾಗ ಲೇಖಕಿ ಮಾತಿಗೆ ವಿರುದ್ಧವಾಗಿ ಟ್ರಾನ್ಸ್ ಮಂದಿ ಪರ ನಿಂತ್ರು. ಹೊಸ ಸೀರೀಸಿನಾಗ ಲೇಖಕಿ ಎಕ್ಸಿಕ್ಯುಟಿವ್ ಪ್ರೊಡ್ಯೂಸರ್ ಅದಾರ, ಅಂದ್ರ ನೋಡಿದ್ರ ಲಾಭ ಅವರಿಗೂ ಹೋಗ್ತೈತಿ, ಇದು ತಿಳಿದಿರಲಿ. ನೋಡಬ್ಯಾಡ ಅನಿಸಿದ್ರ ಬಿಡ್ರಿ, ಅದು ಗೌರವದ ನಿರ್ಧಾರ. ಕತಿ ಬೇಕು ಅನಿಸಿದ್ರ ಲೈಬ್ರರಿ ಪುಸ್ತಕ ಐತಿ, ಸೆಕೆಂಡ್ ಹ್ಯಾಂಡ್ ಐತಿ. ನೋಡಿದ್ರೂ ಮನಿಯಾಗ ಮಕ್ಕಳ ಜೋಡಿ ಈ ವಿಷಯ ಬಾಯಿಬಿಟ್ಟು ಮಾತಾಡ್ರಿ.

ಪ್ರಶ್ನೆ: ಕನ್ನಡದಾಗ ಬರಬೇಕು ಅಂತ ಕೇಳೋದು ತಪ್ಪಾ?
(ಒಬ್ಬ ಓದುಗ, ಕಂಪ್ಲಿ)

ಉತ್ತರ: ತಪ್ಪೇನಿಲ್ಲ, ಗಟ್ಟಿಯಾಗಿ ಕೇಳ್ರಿ. ನಮ್ಮ ಬಳ್ಳಾರಿ ಕಡೆ ಎಷ್ಟೋ ಹುಡುಗ್ರು ಈ ಸಿನಿಮಾ ತೆಲುಗಿನಾಗ ಇಲ್ಲಾ ಹಿಂದಿಯಾಗ ನೋಡಿ ಬೆಳೆದವ್ರು, ಕನ್ನಡದಾಗ ಡಬ್ಬಿಂಗ್ ಬ್ಯಾಡ ಅನ್ನೋ ಕಟ್ಟು ದಶಕಗಟ್ಟಲೆ ಇತ್ತು, 2015ರಾಗ ಸ್ಪರ್ಧಾ ಆಯೋಗ ಅದು ತಪ್ಪು ಅಂತ ಆದೇಶ ಕೊಡ್ತು. 2020ರ ಲಾಕ್‌ಡೌನ್‌ದಾಗ ಸ್ಟಾರ್ ಸುವರ್ಣದಾಗ ಮಹಾಭಾರತ ಕನ್ನಡದಾಗ ಬಂದಾಗ ನಮ್ಮ ಓಣಿಯಾಗ ಅಜ್ಜಿಯಿಂದ ಮೊಮ್ಮಕ್ಕಳ ತನಕ ಒಂದೇ ಟಿವಿ ಮುಂದ ಕೂತಿದ್ರು. ಕನ್ನಡ ಆಡಿಯೋ ಎಲ್ಲೆಲ್ಲಿ ಕೊಡ್ತಾರ ಅಲ್ಲಿ ಅದನ್ನೇ ಒತ್ತಿ ನೋಡ್ರಿ.

ಪ್ರಶ್ನೆ: ಅವರ ಕತಿ ಎರಡೆರಡು ಸಲ ಆತು. ನಮ್ಮ ನೆಲದ ಕತಿ ಒಂದಾದ್ರೂ ಹಿಂಗ ಉದ್ದಕ್ಕ ಬರಬಾರದಾ?
(ಕಾಲೇಜು ಹುಡುಗ, ಆನೆಗುಂದಿ)

ಉತ್ತರ: ಬರಬೇಕಪ್ಪಾ, ಮತ್ತ ಅದು ನಿನ್ನ ಊರಿನ ಬಗಲಿಗೇ ಐತಿ. ಕುಮ್ಮಟದುರ್ಗದ ಕುಮಾರರಾಮ, ಕಂಪಿಲರಾಯನ ಮಗ. ನಂಜುಂಡ ಕವಿ ಸಾಂಗತ್ಯದಾಗ ಬರೆದಾನ, ಜನಪದರು ಹಾಡ್ಯಾರ, 2006ರಾಗ ಶಿವರಾಜ್‌ಕುಮಾರ್ ಸಿನಿಮಾನೂ ಬಂತು. ಆದ್ರ ಒಂದು ಸಿನಿಮಾದೊಳಗ ಹಿಡಿಯೋ ಕತಿ ಅಲ್ಲ ಅದು. ಚೆಂಡಾಟದಾಗ ಚೆಂಡು ಚಿಕ್ಕಮ್ಮ ರತ್ನಾಜಿ ಅರಮನಿಗೆ ಬೀಳ್ತೈತಿ, ತರಾಕ ಹೋದ ರಾಮನ ಮ್ಯಾಲೆ ಆಕಿ ಮೋಹ ಪಡ್ತಾಳ, ಒಪ್ಪದಿದ್ದಾಗ ಗಂಡನ ಹತ್ರ ದೂರು ಹೇಳ್ತಾಳ, ಅಪ್ಪ ಮಗನ ತಲಿ ತೆಗಿ ಅಂತ ಹುಕುಂ ಮಾಡ್ತಾನ, ಮಂತ್ರಿ ಬೈಚಪ್ಪ ರಾಮನ್ನ ಬಚ್ಚಿಟ್ಟು ಬ್ಯಾರೆಯವರ ತಲಿ ತೋರಸ್ತಾನ. ಆಮ್ಯಾಲೆ ದಿಲ್ಲಿ ಸೈನ್ಯ ಬಂದಾಗ ಸತ್ತ ಅಂತ ತಿಳಿದ ಮಗನೇ ಕುದುರಿ ಏರಿ ಬರ್ತಾನ, ದಿಲ್ಲಿಯವರು ಕಳಿಸಿದ ವೀರ ಹೆಂಗಸು ಮಾತಂಗಿ ಜೋಡಿ ಕಾಳಗ ಆಗ್ತೈತಿ. ಮೊದಲ ಸೀಸನ್ ಆ ಚೆಂಡಾಟದಿಂದ ಶುರು ಆಗಿ ಬೈಚಪ್ಪ ಸುಳ್ಳು ತಲಿ ಹಿಡ್ಕೊಂಡು ರಾಜನ ಮುಂದ ನಿಂತಲ್ಲಿಗೆ ನಿಲ್ಲಬೇಕು. ಆ ರಾತ್ರಿ ಬೈಚಪ್ಪನ ಮನಸ್ಸಿನಾಗ ಏನಿತ್ತು, ಸತ್ತ ಆ ಇನ್ನೊಬ್ಬ ಯಾರು, ಅವನ ಮನಿಯವರು ಏನಂದ್ರು, ಅದಕ್ಕೇ ಪೂರಾ ಒಂದು ಎಪಿಸೋಡ್ ಕೊಡಬೇಕು. ನಿನಗ ಬರೆಯೋ ಹುಕಿ ಇದ್ರ ಆ ಎಪಿಸೋಡಿನಿಂದಲೇ ಶುರು ಮಾಡಿ ನನಗ ಕಳಸು, ಓದಿ ಉತ್ತರ ಬರೀತೀನಿ.